ಛತ್ತಿಲ್ಲದ ಅರಮನೆಯ ಸಾರಥಿ

ಬಸ್ಸಿಗೆ ಕಾಯುವಾಗ ನಮ್ಮ ಮಾಸ್ತರರ ಜೊತೆ ನಿಂತವರು ಒಮ್ಮೆಯಾದರೂ ಹಿಂದಕ್ಕೆ ಹೊರಳಿ ನೋಡುತ್ತಿದ್ದರು. ಮಾಸ್ತರರು ಯಾರ ಜೊತೆ ಮಾತಾಡುತ್ತಿದ್ದಾರೆ ಎಂದು ತಿಳಿಯಲಿಕ್ಕೆ. ಅಲ್ಲಿ ಯಾರೂ ಇರುತ್ತಿರಲಿಲ್ಲ. ನಮ್ಮ ಜೊತೆ ಸರಿಯಾಗಿಯೇ ಮಾತಾಡುತ್ತಿದ್ದ ಮನುಷ್ಯ ಕತ್ತನ್ನು ಸ್ವಲ್ಪ ಎಡಕ್ಕೆ ಹೊರಳಿಸಿ, ಅಲ್ಲಿ ನೂರು ಜನ ಚಾಪೆ ಹಾಸಿಕೊಂಡು ಕೂತಿದ್ದಾರೆ ಎನ್ನುವ ಹಾಗೆ ಹೇಳುತ್ತಿದ್ದರು: "ಕೇಳ್ರಿಪಾ, ಜಹೀರಾಬಾದ್ ಬಸ್ಸು ಹತ್ತಕ್ಕ ಬರ್ತದಂತ ಈ ತಮ್ಮ ನಂಬ್ಯಾನ. ನಂಬ್ಲಿ ಬಿಡ್ರಿ. ಇನ್ನಾ ಸಣ್ಣ ವಯಸ್ಸದ." ಅಷ್ಟು ಹೇಳಿ ಮತ್ತೆ ನನ್ನ ಕಡೆ ತಿರುಗಿ, ನಿಂತ ಮಾತು ಮುಂದುವರಿಸುತ್ತಿದ್ದರು. ಮುಖದಲ್ಲಿ ನಗೆಯ ಸುಳಿವೂ ಇರುತ್ತಿರಲಿಲ್ಲ.

ಅವರ ಹೆಸರು ನಾನು ಬರೆಯುವುದಿಲ್ಲ. ಅವರ ಹೆಸರು ಬರೆದರೆ ನನ್ನದನ್ನೂ ಬರೆಯಬೇಕಾಗುತ್ತದೆ. ಅಷ್ಟು ಧೈರ್ಯ ನನಗೆ ಇದ್ದಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ.

ರಾಜ್ಯಗಳು ಒಡೆದು ಹೊಸದಾಗಿ ಕೂಡಿ ಹತ್ತು ಹನ್ನೆರಡು ವರ್ಷ ಆಗಿತ್ತು. ಗಡಿಯ ಗೆರೆ ನಮ್ಮ ಹೊಲಗಳ ಆಚೆ ಹಾದುಹೋಗಿತ್ತು. ಬೀದರ ಆ ಕಡೆ, ನಾವು ಈ ಕಡೆ, ತೆಲುಗು ರಾಜ್ಯದಲ್ಲಿ. ಝರಾಸಂಗಮದ ಹತ್ತಿರದ ಒಂದು ಹಳ್ಳಿಯ ಕನ್ನಡ ಶಾಲೆಗೆ ನಾನು ಮಾಸ್ತರನಾಗಿ ಬಂದಾಗ ನನಗೆ ಇಪ್ಪತ್ತೆರಡು. ಮೊಗುಡಂಪಲ್ಲಿಯ ಕಡೆಯ ನಮ್ಮ ಮನೆಯಲ್ಲಿ ಸರಕಾರಿ ನೌಕರಿ ಕಂಡ ಮೊದಲನೆಯವನು ನಾನು. ಅಪ್ಪ ಎರಡು ಎಕರೆಯಲ್ಲಿ ಬೆಳೆದು, ಉಳಿದ ದಿನ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದ. ನಮ್ಮ ಓಣಿಯವರೆಲ್ಲ ಬುದ್ಧನ ಪಟ ತಂದು ಮನೆಯಲ್ಲಿಟ್ಟುಕೊಂಡು ಆಗಿನ್ನೂ ಕೆಲವೇ ವರ್ಷ. ಈ ಮಾತು ಯಾಕೆ ಹೇಳುತ್ತಿದ್ದೇನೆ ಎಂದರೆ, ನಾನು ಶಾಲೆಗೆ ಬಂದ ಮೊದಲ ದಿನ ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಬೇವಿನ ಮರದ ಆಚೆ ಬದಿಗೆ ಕೂತಿದ್ದೆ. ಯಾರೂ ಅಲ್ಲಿ ಕೂತುಕೋ ಅಂದಿರಲಿಲ್ಲ, ನಾನೇ ಕೂತಿದ್ದೆ. ಮಾಸ್ತರರು ಬಂದು ನನ್ನ ಮುಂದೆ ನಿಂತರು. ಎಡಕ್ಕೆ ಕತ್ತು ಹೊರಳಿಸಿದರು.

"ನೋಡ್ರಿಪಾ, ಹೊಸ ಮಾಸ್ತರ್ ಬಂದಾನ. ಬಂದ ದಿನಾನೇ ಮರದ ಜೋಡಿ ಊಟಕ್ಕ ಕುಂತಾನ. ಮರ ಏನು ಉಣ್ಣಂಗಿಲ್ಲ, ಹೀಂಗಾಗಿ ಇವಗ ಲಾಭ ಅದ." ಆಮೇಲೆ ನನಗೆ, "ಏಳು ತಮ್ಮಾ, ಮನಿಗಿ ನಡಿ. ನಿಮ್ಮಕ್ಕ ಪುಂಡಿಪಲ್ಯ ಮಾಡ್ಯಾಳ."

ಅಕ್ಕ ಎಂದರೆ ಅವರ ಹೆಂಡತಿ. ಅವತ್ತಿನಿಂದ ಎರಡು ವರ್ಷ ನಾನು ಮಧ್ಯಾಹ್ನದ ಊಟ ಮಾಡಿದ್ದು ಅವರ ಮನೆಯಲ್ಲಿ, ಅವರ ಪಕ್ಕದ ಮಣೆಯ ಮೇಲೆ. ಊರಿನವರು ಒಬ್ಬಿಬ್ಬರು ಅವರಿಗೆ ಏನೋ ಹೇಳಿಯೂ ಇದ್ದರಂತೆ. ಅವರು ಏನು ಉತ್ತರ ಕೊಟ್ಟರೋ, ಮತ್ತೆ ಯಾರೂ ಹೇಳಲಿಲ್ಲ.

ಮಾಸ್ತರರು ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿದವರು. ಕನ್ನಡ ಅವರಿಗೆ ಮನೆಯ ಮಾತು, ಆಮೇಲೆ ಹಟದಿಂದ ಕಲಿತ ಅಕ್ಷರ. ಕರಿಹಲಗೆಯ ಮೇಲೆ ಕನ್ನಡ ಅಕ್ಷರ ಮುತ್ತಿನ ಹಾಗೆ ಬರೆಯುತ್ತಿದ್ದರು, ಆದರೆ ನಿಧಾನ. ಅವಸರದಲ್ಲಿ ತಮಗಾಗಿ ಬರೆದುಕೊಳ್ಳುವಾಗ ಕನ್ನಡ ಮಾತನ್ನೇ ಉರ್ದು ಲಿಪಿಯಲ್ಲಿ ಬಲದಿಂದ ಎಡಕ್ಕೆ ಸರಸರ ಬರೆಯುತ್ತಿದ್ದರು. ಅವರ ಕಥೆಗಳೆಲ್ಲ ಹಾಗೆ ಒಂದು ದಪ್ಪ ರಟ್ಟಿನ ನೋಟ್‌ಬುಕ್ಕಿನಲ್ಲಿದ್ದವು. ಅವರಲ್ಲದೆ ನಮ್ಮ ಶಾಲೆಯಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ.

ಶನಿವಾರ ಕೊನೆಯ ಪಿರಿಯಡ್ಡು ಕಥೆಯದು. ಎಲ್ಲ ತರಗತಿಯ ಮಕ್ಕಳೂ ಬೇವಿನ ಕೆಳಗೆ ಕೂಡುತ್ತಿದ್ದರು. ಅವರ ಕಥೆ ಎಂದರೆ ಎಲ್ಲರಿಗೂ ಗೊತ್ತಿದ್ದ ಕಥೆಯೇ: ರಾಜ, ರಾಣಿ, ಏಳು ಸಮುದ್ರದ ಆಚೆ ರಾಕ್ಷಸ, ಅವನ ಜೀವ ಗಿಳಿಯಲ್ಲಿ. ಆದರೆ ಕಥೆ ನಾಲ್ಕು ಹೆಜ್ಜೆ ನೆಟ್ಟಗೆ ನಡೆಯುತ್ತಿರಲಿಲ್ಲ.

"ಒಂದು ಊರಾಗ ಒಬ್ಬ ರಾಜ ಇದ್ದ. ಯಾಕ ಇದ್ದ? ಕೇಳಬ್ಯಾಡ್ರಿ. ಅವ ಇರ್ಲಿಲ್ಲಂದ್ರ ಕಥಿ ಶುರು ಆಗಂಗಿಲ್ಲ, ಅಷ್ಟಕ್ಕ ಇಟ್ಟೀವಿ. ಅವಗ ಬ್ಯಾರೆ ಕೆಲಸ ಇಲ್ಲ."

ಒಮ್ಮೆ ಮೂರನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ರಾಜಕುಮಾರ ಏಳು ಸಮುದ್ರ ದಾಟುವಾಗ ಹೊಟ್ಟೆಗೆ ಏನು ತಿಂದ ಎಂದು ಕೇಳಿದಳು. ಮಕ್ಕಳು ನಕ್ಕರು. ಮಾಸ್ತರರು ನಗಲಿಲ್ಲ. ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. "ಈ ಕಥಿ ಸಾವಿರ ವರ್ಷದಿಂದ ಹೇಳ್ಕೋತ ಬಂದಾರ. ಒಬ್ಬರೂ ಈ ಮಾತು ಕೇಳಿಲ್ಲ. ಪಾಪ, ಅವ ಉಪವಾಸ ಸತ್ತಿರಬೇಕು. ಈಗ ನಾವು ಅವಗ ರೊಟ್ಟಿ ಕಟ್ಟಿ ಕಳಸೂನು" ಎಂದು ಕಥೆಯನ್ನು ಮೊದಲಿನಿಂದ ಶುರು ಮಾಡಿದರು. ಅವತ್ತು ಗಂಟೆ ಹೊಡೆದರೂ ಮಕ್ಕಳು ಏಳಲಿಲ್ಲ.

ಅವರ ವ್ಯಂಗ್ಯಕ್ಕೆ ಒಂದು ನಿಯಮವಿತ್ತು. ರಾಜನನ್ನು ಹೀಯಾಳಿಸುತ್ತಿದ್ದರು, ಮಂತ್ರಿಯನ್ನು, ರಾಕ್ಷಸನನ್ನು, ದೇವರನ್ನೂ ಕೂಡ. ಅದಕ್ಕಿಂತ ಹೆಚ್ಚಾಗಿ ತಮ್ಮನ್ನು. ಊರಲ್ಲಿ ಇದ್ದ ಮನುಷ್ಯನನ್ನು ಮಾತ್ರ ಎಂದೂ ಇಲ್ಲ. ಒಮ್ಮೆ ನಾನು ಕೇಳಿದ್ದಕ್ಕೆ, "ಕಥ್ಯಾಗಿನ ರಾಜ ಮನಿಗಿ ಹೋಗಿ ಅಳಂಗಿಲ್ಲ ತಮ್ಮಾ. ಇವ್ರು ಅಳ್ತಾರ" ಎಂದಿದ್ದರು.

ವರ್ಷಕ್ಕೊಮ್ಮೆ, ಜನವರಿ ಇಪ್ಪತ್ತಾರಕ್ಕೆ, ಶಾಲೆಯ ಗ್ಯಾದರಿಂಗು. ಧ್ವಜ ಏರಿಸಿ, ಸಕ್ಕರೆ ಹಂಚಿ, ಮಧ್ಯಾಹ್ನ ನಾಟಕ. ಊರಲ್ಲಿ ಆಡುವ ಬಯಲಾಟದಲ್ಲಿ ಆಟವನ್ನು ನಡೆಸಿಕೊಡುವವನಿಗೆ ಸಾರಥಿ ಅನ್ನುತ್ತಾರಲ್ಲ, ನಮ್ಮ ನಾಟಕಕ್ಕೆ ಮಾಸ್ತರರೇ ಸಾರಥಿ. ಕಟ್ಟೆಯ ಎಡ ತುದಿಗೆ ಒಂದು ಮುರುಕು ಕುರ್ಚಿ, ಕೈಯಲ್ಲಿ ಶಾಲೆಯ ಗಂಟೆ. ಕಥೆ ಅವರಿಗೆ ಸೇರಲಿಲ್ಲ ಎಂದರೆ ಗಂಟೆ ಹೊಡೆದು ಪಾತ್ರಗಳನ್ನು ನಿಲ್ಲಿಸಿಬಿಡುತ್ತಿದ್ದರು. ಸಮುದ್ರಕ್ಕೆ ಏಳು ಧೋತರಗಳನ್ನು ಹಾಸಿದರೆ, "ಇದು ಸಮುದ್ರ. ಇದರಾಗ ಯಾರರ ಧೋತರ ಕಂಡ್ರ ಒದರಬ್ಯಾಡ್ರಿ, ನಾಟಕ ಮುಗದ ಮ್ಯಾಲೆ ಒಗದು ಕೊಡ್ತೀವಿ" ಎಂದು ಜನರಿಗೆ ಹೇಳುತ್ತಿದ್ದರು. ರಾಕ್ಷಸನ ವೇಷದ ಹುಡುಗ ಮಾತು ಮರೆತು ನಿಂತರೆ, "ರಾಕ್ಷಸ ವಿಚಾರ ಮಾಡ್ಲಿಕತ್ಯಾನ. ಇಲ್ಲೀ ತನಕ ಯಾವ ರಾಕ್ಷಸನೂ ಮಾಡಿಲ್ಲ. ಜರಾ ತಡಕೊಳ್ರಿ" ಅನ್ನುತ್ತಿದ್ದರು. ಹುಡುಗನಿಗೆ ಅಷ್ಟರಲ್ಲಿ ಮಾತು ನೆನಪಾಗುತ್ತಿತ್ತು. ಅವನ ಮಾನವೂ ಉಳಿಯುತ್ತಿತ್ತು.

ರಾಜಕುಮಾರಿಯ ಪಾತ್ರಕ್ಕೆ ಊರಿನ ಯಾರೂ ಹೆಣ್ಣುಮಕ್ಕಳನ್ನು ಕಳಿಸುತ್ತಿರಲಿಲ್ಲ. ಅದಕ್ಕೆ ತಮ್ಮ ಮಗಳನ್ನೇ ನಿಲ್ಲಿಸಿದರು. ಅವಳೊಬ್ಬಳೇ ಅವರಿಗೆ. ಆಗ ಆರನೇ ತರಗತಿ. ರಾಕ್ಷಸ ಬಂದಾಗ ರಾಜಕುಮಾರಿ ಮೂರ್ಛೆ ಹೋಗಬೇಕು. ಆ ವರ್ಷ ಅವಳು ಹೋಗಲಿಲ್ಲ. ಸುಮ್ಮನೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಮಾಸ್ತರರು ಗಂಟೆ ಹೊಡೆದರು.

"ಅವ್ವಾ ರಾಜಕುಮಾರಿ, ಮೂರ್ಛಿ ಹೋಗ್ಬೇಕಂತ ಕಥ್ಯಾಗ ಬರದದ."

"ಬರದವ್ರು ಹೋಗ್ಲಿ" ಎಂದಳು ಮಗಳು.

ಜನ ಬಿದ್ದು ಬಿದ್ದು ನಕ್ಕರು. ಮಾಸ್ತರರು ಎದ್ದರು, ಗಂಟೆಯನ್ನು ಕುರ್ಚಿಯ ಮೇಲಿಟ್ಟರು, ಧೋತರ ಸರಿಮಾಡಿಕೊಂಡು ಕಟ್ಟೆಯ ಮೇಲೆ ಅಡ್ಡ ಬಿದ್ದು ಕಣ್ಣು ಮುಚ್ಚಿದರು. ಆ ಮಾತನ್ನು ಅವರು ಬರೆದುಕೊಟ್ಟಿದ್ದಲ್ಲ, ಅವಳದೇ ಮಾತು ಎಂದು ಆಮೇಲೆ ವಾರಗಟ್ಟಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಅವಳನ್ನು ಜಹೀರಾಬಾದಿನ ಹೈಸ್ಕೂಲಿಗೆ ಹಾಕಬೇಕು, ಆಮೇಲೆ ಟೀಚರ್ ಟ್ರೇನಿಂಗು ಮಾಡಿಸಬೇಕು ಎಂದು ಆಗಲೇ ನಿಶ್ಚಯ ಮಾಡಿದ್ದರು.

ಇನ್ನು ನನ್ನ ವಿಷಯ.

ಅವರ ಹಾಗೆ ಮಾತಾಡಬೇಕೆಂದು ನನಗೆ ಆಸೆಯಿತ್ತು. ಕನ್ನಡಿಯ ಮುಂದೆ ಕತ್ತು ಎಡಕ್ಕೆ ಹೊರಳಿಸಿ ನೋಡಿಕೊಂಡದ್ದೂ ಉಂಟು. ಮರುವರ್ಷದ ನಾಟಕಕ್ಕೆ ನಾನೂ ಏನಾದರೂ ಬರೆದುಕೊಡುತ್ತೇನೆ ಎಂದೆ. ಬರಿ ಎಂದರು.

ಆ ವರ್ಷ ನಮ್ಮ ಶಾಲೆಗೆ ಎರಡು ಹೊಸ ಕೋಣೆ ಕಟ್ಟಿದ್ದರು. ಗೋಡೆ ಎದ್ದಿತ್ತು, ಛತ್ತು ಇರಲಿಲ್ಲ. ಮಾಡಿಗೆ ಮಂಜೂರಾದ ತಗಡು ಪಂಚಾಯತ ಸಮಿತಿಯ ಅಧ್ಯಕ್ಷರ ಭಾವನ ದನದ ಕೊಟ್ಟಿಗೆಯ ಮೇಲೆ ಹೋಗಿ ಕೂತಿದೆ ಎಂದು ಇಡೀ ಊರಿಗೆ ಗೊತ್ತಿತ್ತು. ಯಾರೂ ಮಾತಾಡುತ್ತಿರಲಿಲ್ಲ. ಮಾಸ್ತರರ ನೇಮಕ, ವರ್ಗಾವಣೆ ಎಲ್ಲ ಆಗ ಅಧ್ಯಕ್ಷರ ಕೈಯಲ್ಲೇ. ನಾನು ಒಂದು ಹಾಳೆಯ ಮೇಲೆ ಸಾರಥಿಗೆ ಈ ಮಾತು ಬರೆದೆ: "ಇದು ರಾಕ್ಷಸನ ಅರಮನಿ. ಗ್ವಾಡಿ ಅವ, ಛತ್ತಿಲ್ಲ. ಛತ್ತು ಎಲ್ಲಿ ಹೋತು ಅಂತೀರಿ? ಅವನ ಭಾವನ ಎಮ್ಮಿಗೋಳು ಬಿಸಲಾಗ ಕಪ್ಪಾಗ್ತಾವಂತ ಅಲ್ಲಿಗಿ ಹೋಗ್ಯದ."

ಮಾಸ್ತರರು ಓದಿ ಜೋರಾಗಿ ನಕ್ಕರು. ಅವರನ್ನು ನಗಿಸಿದೆನಲ್ಲ ಎಂದು ನನ್ನ ಎದೆ ಉಬ್ಬಿತು. ಆಮೇಲೆ ಹಾಳೆ ಮಡಿಚಿ ನನ್ನ ಕೈಗೆ ಕೊಟ್ಟರು. "ಛಲೋ ಬರದಿ. ಆದ್ರ ಇದು ಬ್ಯಾಡ. ಅಧ್ಯಕ್ಷರು ಈ ಸಲ ಮುಂದಿನ ಸಾಲಿನ್ಯಾಗ ಕುಂಡ್ರಾವ್ರಿದ್ದಾರ."

ನಾನು ಸುಮ್ಮನಾಗಬಹುದಿತ್ತು. "ನೀವು ಯಾರಿಗೂ ಅಂಜಂಗಿಲ್ಲ ಅಂತ ತಿಳದಿದ್ದೆ. ಸತ್ತ ರಾಜಗೋಳಿಗಷ್ಟೇ ಅಂತೀರಿ ಅನ್ನೋದು ಗೊತ್ತಿರ್ಲಿಲ್ಲ" ಎಂದೆ.

ಆ ಮಾತು ಅವರಿಗೆ ತಾಗಿತು. ಎಲ್ಲರನ್ನೂ ಮಾತಿನಲ್ಲಿ ಹಿಡಿಯುವ ಮನುಷ್ಯನನ್ನು ನಾನು ಮಾತಿನಲ್ಲಿ ಹಿಡಿದಿದ್ದೆ. ನನ್ನ ಕೈಯಿಂದ ಹಾಳೆ ವಾಪಸ್ ತಗೊಂಡರು. "ನೋಡೂನು" ಎಂದರು. ಮರುದಿನ ಅವರೇ ತೋರಿಸಿದರು, ತಮ್ಮ ನೋಟ್‌ಬುಕ್ಕಿನಲ್ಲಿ ಉರ್ದು ಅಕ್ಷರದಲ್ಲಿ ಅದನ್ನು ಇಳಿಸಿಕೊಂಡಿದ್ದರು. ನನ್ನ ಹಾಳೆಯನ್ನು ಅಕ್ಕ ಒಲೆಗೆ ಹಾಕಿದ್ದಳು.

ನಾಟಕದ ದಿನ ಅಧ್ಯಕ್ಷರು ಬಂದರು, ಹಾರ ಹಾಕಿಸಿಕೊಂಡರು, ಮುಂದಿನ ಸಾಲಿನಲ್ಲಿ ಕೂತರು. ನಾನು ಪರದೆಯ ಹಿಂದೆ ಹಗ್ಗ ಹಿಡಿದು ನಿಂತಿದ್ದೆ. ಅರಮನೆಯ ದೃಶ್ಯ ಬಂತು. ಮಾಸ್ತರರು ಕುರ್ಚಿಯಿಂದ ಎದ್ದು ನಿಂತು ಆ ಮಾತು ಹೇಳಿದರು. ನಾನು ಬರೆದದ್ದಕ್ಕಿಂತ ಎಷ್ಟೋ ಚೆನ್ನಾಗಿ ಹೇಳಿದರು. ಎಮ್ಮೆಗಳ ಬಗ್ಗೆ ನಿಜವಾಗಿ ಮರುಗಿದವರ ಹಾಗೆ. ಆಮೇಲೆ ಹಿಂದಿನಿಂದ ಒಬ್ಬ ಮುದುಕಿ ನಕ್ಕಳು, ಅವಳ ಹಿಂದೆ ಇಡೀ ಅಂಗಳ ನಕ್ಕಿತು. ಅಧ್ಯಕ್ಷರೂ ತೊಡೆ ತಟ್ಟಿ ನಕ್ಕರು. ನಾಟಕ ಮುಗಿಯುವ ತನಕ ಕೂತರು. ಹೋಗುವಾಗ ಊಟಕ್ಕೆ ನಿಲ್ಲಲಿಲ್ಲ, ಅಷ್ಟೇ.

ಹತ್ತು ದಿನಕ್ಕೆ ವಿಚಾರಣೆ ಬಂತು. ಇಲಾಖೆಯಿಂದ ಬಂದ ಸಾಹೇಬರು ವಯಸ್ಸಾದವರು, ಒಳ್ಳೆಯ ಮಾತಿನವರು. ಛತ್ತಿಲ್ಲದ ಕೋಣೆಯಲ್ಲಿ ಬಿಸಿಲು ಎಂದು ಹಳೆ ಕೋಣೆಯಲ್ಲಿ ಮೇಜು ಹಾಕಿಸಿದೆವು. ಮಾಸ್ತರರನ್ನೂ ನನ್ನನ್ನೂ ಎದುರು ನಿಲ್ಲಿಸಿಕೊಂಡು ನಾಟಕದ ಬರಹ ಕೊಡಿ ಎಂದರು. ಮಾಸ್ತರರು ನೋಟ್‌ಬುಕ್ಕು ಕೊಟ್ಟರು. ಸಾಹೇಬರಿಗೆ ಉರ್ದು ಬರುತ್ತಿತ್ತು. ಆ ಪುಟ ಹುಡುಕಿ ಓದಿದರು. ಅವರ ಮೀಸೆಯ ಕೆಳಗೆ ನಗೆ ಬಂದು ಹೋದದ್ದು ನನಗೆ ಕಂಡಿತು.

"ಈ ಅಕ್ಷರ ಯಾರ್ದು?"

"ನಂದೇ ಸಾಬ್" ಎಂದರು ಮಾಸ್ತರರು.

"ಮಾತು?"

"ಅಕ್ಷರ ನಂದಂದ್ರ ಮಾತೂ ನಂದೇ ಆಗ್ತದಲ್ರಿ."

ಸಾಹೇಬರು ನನ್ನ ಕಡೆ ತಿರುಗಿದರು. "ನಿಮಗ ಇದು ಮೊದ್ಲ ಗೊತ್ತಿತ್ತೇನು?"

ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಊರಲ್ಲಿ ಅಪ್ಪ ನನ್ನನ್ನು ನೆಚ್ಚಿ ಕೂಲಿಗೆ ಹೋಗುವುದನ್ನು ಬಿಟ್ಟಿದ್ದ. ಇವೆಲ್ಲ ಆ ಹೊತ್ತಿಗೆ ನನ್ನ ತಲೆಗೆ ಬಂದವು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜಕ್ಕೂ ಏನೂ ಬರಲಿಲ್ಲ. ಬಾಯಿ ತಾನಾಗಿ ತೆರೆಯಿತು.

"ಇಲ್ಲ ಸಾಬ್. ನಾ ಪರದಿ ಕಟ್ಟೋ ಕೆಲಸದಾಗಿದ್ದೆ."

ಮಾಸ್ತರರು ಈಗ ಎಡಕ್ಕೆ ಕತ್ತು ಹೊರಳಿಸುತ್ತಾರೆ, ಅಲ್ಲಿ ಕೂತ ನೂರು ಜನಕ್ಕೆ ನನ್ನ ಬಗ್ಗೆ ಏನೋ ಹೇಳುತ್ತಾರೆ ಎಂದು ನಾನು ಕಾದೆ. ಅವರು ಹೊರಳಲಿಲ್ಲ. ಸಾಹೇಬರು ಕೊಟ್ಟ ಕಾಗದಕ್ಕೆ ಸಹಿ ಮಾಡಿ ಹೊರಗೆ ನಡೆದರು. ನಾನು ಹಿಂದೆ ಹೋದೆ. ಬಾಗಿಲ ಹತ್ತಿರ ನಿಂತು ಚಪ್ಪಲಿ ಮೆಟ್ಟುತ್ತ ಹೇಳಿದರು: "ಪರದಿ ಖರೇನ ಛಲೋ ಕಟ್ಟಿದ್ರಿ."

ಎರಡು ವರ್ಷ ನನ್ನನ್ನು ತಮ್ಮಾ, ನೀನು ಎಂದವರು ಅವತ್ತು ಮೊದಲ ಸಲ ರೀ ಹಚ್ಚಿ ಮಾತಾಡಿಸಿದರು. ಕೊನೆಯವರೆಗೂ ಹಾಗೆಯೇ ಮಾತಾಡಿಸಿದರು.

ನಾರಾಯಣಖೇಡದ ಆಚೆ, ಬಸ್ಸಿಲ್ಲದ ಒಂದು ಊರಿಗೆ ಮಾಸ್ತರರಿಗೆ ವರ್ಗಾವಣೆ ಬಂತು. ಅಲ್ಲಿದ್ದದ್ದು ನಾಲ್ಕನೆಯ ತನಕ ಶಾಲೆ, ಅದೂ ತೆಲುಗು. ಮಗಳು ಏಳನೆಯಲ್ಲಿದ್ದಳು, ಪಬ್ಲಿಕ್ ಪರೀಕ್ಷೆಗೆ ಎರಡು ತಿಂಗಳು ಉಳಿದಿತ್ತು. ಹಾಜರಿ ಇಲ್ಲದೆ ಕೂರಿಸುವಂತಿರಲಿಲ್ಲ. ಸಾಮಾನು ಕಟ್ಟುತ್ತಿದ್ದ ದಿನ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು.

"ಅವ್ರು ಯಾರ್ನೂ ಏನೂ ಕೇಳಂಗಿಲ್ಲ. ನಾ ಕೇಳ್ತೀನಿ. ಪರೀಕ್ಷಾ ತನಕ ಹುಡುಗೀನ ಇಲ್ಲೇ ಯಾರ ಮನ್ಯಾಗಾದ್ರೂ ಇಡಾಕ ಆಗ್ತದೇನು ನೋಡು. ಜ್ವಾಳ ಕೊಟ್ಟು ಹೋಗ್ತೀನಿ. ಎರಡೇ ತಿಂಗಳ."

"ನೋಡ್ತೀನಕ್ಕ. ಎರಡು ಮೂರು ಮನಿ ಅವ. ಕೇಳಿ, ಬಂದು ಕರ್ಕೊಂಡು ಬರ್ತೀನಿ" ಎಂದೆ.

ಚಕ್ಕಡಿ ಹೋಯಿತು. ನಾನು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಇಟ್ಟುಕೊಳ್ಳುವವರಿದ್ದರು; ನಾಟಕ ನೋಡಿ ನಕ್ಕ ಜನ ಅಷ್ಟು ಕೆಟ್ಟವರಿರಲಿಲ್ಲ. ಆದರೆ ಆ ಹುಡುಗಿ ದಿನವೂ ಮೊದಲ ಸಾಲಿನಲ್ಲಿ ಕೂತು ನನ್ನನ್ನು ನೋಡುವುದು ನನಗೆ ಬೇಡವಾಗಿತ್ತು. ಇವತ್ತು ಹೋಗೋಣ, ನಾಳೆ ಕೇಳೋಣ ಎನ್ನುವುದರಲ್ಲೇ ಪರೀಕ್ಷೆ ಮುಗಿಯಿತು.

ನನ್ನ ನೌಕರಿ ಕಾಯಂ ಆಯಿತು. ಮದುವೆ ಆಯಿತು. ಅದೇ ಊರಲ್ಲಿ ಉಳಿದೆ. ತಗಡು ಕೂಡ ಬಂತು. ಮಾಸ್ತರರು ಹೋದ ಮರುವರ್ಷ ಸದ್ದಿಲ್ಲದೆ ಹೊಸ ತಗಡು ತಂದು ಕೋಣೆಗಳಿಗೆ ಹೊದಿಸಿದರು. ಅದರ ಕೆಳಗೆ ಹದಿನಾಲ್ಕು ವರ್ಷ ಪಾಠ ಹೇಳಿದೆ. ಗ್ಯಾದರಿಂಗಿನ ನಾಟಕ ನಿಂತುಹೋಯಿತು. ನೀವು ಮಾಡಿಸ್ರಿ ಎಂದು ಊರಿನವರು ಎರಡು ಮೂರು ಸಲ ಅಂದರು. ನನಗೆ ಬರುವುದಿಲ್ಲ ಎಂದೆ.

ಆರೇಳು ವರ್ಷದ ನಂತರ ಒಂದು ತರಬೇತಿಗೆ ನಾರಾಯಣಖೇಡಕ್ಕೆ ಹೋದಾಗ ಅವರು ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೂರು ದಿನ ಹಿಂದಿನ ಬೆಂಚಿನಲ್ಲಿ ಕೂತು ತೆಲುಗಿನಲ್ಲಿ ಹೇಳಿದ್ದನ್ನೆಲ್ಲ ಬರೆದುಕೊಂಡರು. ಒಂದು ಚೇಷ್ಟೆಯ ಮಾತೂ ಆಡಲಿಲ್ಲ. ಕೊನೆಯ ದಿನ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಬ್ಬರೂ ಚಹಾ ಕುಡಿದೆವು. ಅಕ್ಕ ತೀರಿಹೋದದ್ದನ್ನು ಆಗಲೇ ಹೇಳಿದರು. ಮಗಳನ್ನು ಹದಿನೈದಕ್ಕೇ ತಾಂಡೂರಿಗೆ ಕೊಟ್ಟದ್ದನ್ನೂ ಹೇಳಿದರು. ಅಳಿಯನಿಗೆ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಮಾಡುವ ಕೆಲಸ, ಮನುಷ್ಯ ಒಳ್ಳೆಯವನು ಎಂದರು. ನಾನು ಕಪ್ಪು ಕೆಳಗಿಟ್ಟು, "ಸರ್, ಅವತ್ತು ವಿಚಾರಣಾ ದಿನ" ಎಂದು ಶುರು ಮಾಡಿದೆ.

ಅವರು ಕತ್ತು ಎಡಕ್ಕೆ ಹೊರಳಿಸಿದರು. ಅಲ್ಲಿ ಖಾಲಿ ಗೋಡೆ.

"ಕೇಳ್ರಿಪಾ, ಈಗ ಇವ್ರು ಒಂದು ದೊಡ್ಡ ಮಾತು ಹೇಳಾವ್ರಿದ್ದಾರ. ನನ್ನ ಬಸ್ಸಿಗಿ ಐದು ಮಿನಿಟ್ ಅದ. ಅಷ್ಟರಾಗ ಅದು ಮುಗ್ಯಂಗಿಲ್ಲ."

ಎದ್ದು ನನ್ನ ಬೆನ್ನ ಮೇಲೆ ಒಮ್ಮೆ ಕೈಯಿಟ್ಟು ಹೋದರು. ಬಸ್ಸು ಹೊರಟು ಧೂಳು ಅಡಗುವಾಗ ನನಗೆ ಹಗುರ ಅನಿಸಿತು. ಕ್ಷಮೆ ಸಿಕ್ಕಿದ್ದಕ್ಕಲ್ಲ; ಕೇಳುವುದು ತಪ್ಪಿತಲ್ಲ ಎಂದು. ಆ ಹಗುರವೇ ಆಮೇಲೆ ವರ್ಷಗಟ್ಟಲೆ ನನ್ನನ್ನು ಹಿಂಡಿತು.

ನಿವೃತ್ತಿಯ ನಂತರ ಅವರು ತಾಂಡೂರಿನಲ್ಲಿ ಮಗಳ ಮನೆಯಲ್ಲಿದ್ದರು. ಅಲ್ಲಿಯೇ ತೀರಿಕೊಂಡರು. ನನಗೆ ಪೋಸ್ಟ್‌ಕಾರ್ಡ್ ಬಂದದ್ದು ಹದಿನೈದು ದಿನದ ಮೇಲೆ, ಮಗಳ ಕೈಬರಹದಲ್ಲಿ. "ಅಪ್ಪ ಹೋದ. ನಿಮಗ ತಿಳಸಬೇಕಂತ ಹೇಳಿದ್ದ" ಎಂದಿಷ್ಟೇ ಇತ್ತು. ಅಷ್ಟು ಹೊತ್ತಿಗೆ ನಾನು ಅದೇ ಶಾಲೆಯ ಹೆಡ್‌ಮಾಸ್ತರ್.

ತಾಂಡೂರಿಗೆ ಹೋದೆ. ಓಣಿಯ ಎರಡೂ ಬದಿಗೆ ಫರಸಿ ಕಲ್ಲು ಒಟ್ಟಿದ್ದರು. ಮನೆಗಳ ಮೇಲೆ, ಗಿಡಗಳ ಮೇಲೆ, ಮಕ್ಕಳ ತಲೆಯ ಮೇಲೆ ಬೂದು ಪುಡಿ. ಅವಳು ಬಾಗಿಲಲ್ಲಿ ನಿಂತಿದ್ದಳು. ಇಪ್ಪತ್ತೇಳಿರಬಹುದು, ತಂದೆಯದೇ ನೆಟ್ಟ ನೋಟ. "ಬರ್ರಿ ಕಾಕಾ" ಎಂದು ನೀರು ಕೊಟ್ಟಳು. ಇಬ್ಬರು ಮಕ್ಕಳು ಹೊರಗೆ ಆಡುತ್ತಿದ್ದರು. ಗಂಡ ಕೆಲಸಕ್ಕೆ ಹೋಗಿದ್ದ.

ಕೊನೆಯ ದಿನಗಳಲ್ಲಿ ಹೇಗಿದ್ದರು ಎಂದು ಕೇಳಿದೆ.

"ಅರಾಮ ಇದ್ದ. ಓಣ್ಯಾಗಿನ ಹುಡುಗರಿಗಿ ಕಥಿ ಹೇಳ್ತಿದ್ದ. ಆದ್ರ ನಡುನಡುವ ಮಾತಾಡೋದು ಬಿಟ್ಟಿದ್ದ. ರಾಜ ಇದ್ದ ಅಂದ್ರ ಇದ್ದ, ಸತ್ತ ಅಂದ್ರ ಸತ್ತ. ನಾನು ಒಂದ್ಸಲ ಕೇಳ್ದೆ, ಅಪ್ಪಾ ಮೊದಲಿನಂಗ ಹೇಳು ಅಂತ. ಹಂಗ ಹೇಳಿದ್ರ ಜನ ಕಥಿ ಬಿಟ್ಟು ನನ್ನೇ ನೋಡ್ತಾರವ್ವ ಅಂದ."

ನಾನು ಹೇಳಬೇಕೆಂದು ಬಂದದ್ದನ್ನು ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದೆ. "ಆ ನಾಟಕದ ಮಾತು, ಛತ್ತಿನ ಮಾತು, ಅದನ್ನ ಬರದಾವ ನಾನವ್ವ" ಎಂದೆ.

"ಗೊತ್ತದ" ಎಂದಳು. "ಹಾಳಿ ಒಲಿಗಿ ಹಾಕೋ ಮೊದ್ಲ ಅವ್ವ ನನ್ನ ಕೈಲೆ ಓದಿಸಿದ್ಲು. ಅದಕ್ಕ ನನಗ ಸಿಟ್ಟಿಲ್ಲ. ಮಾತು ಛಲೋ ಇತ್ತು. ಅಪ್ಪಗ ಹೇಳಾಕ ಖುಷಿ ಆಗಿತ್ತು. ನೀವು ಸಾಹೇಬ್ರ ಮುಂದ ಸುಳ್ಳು ಹೇಳಿದ್ದಕ್ಕೂ ಸಿಟ್ಟಿಲ್ಲ. ಅಂಜಿದ್ರಿ. ಅಪ್ಪ ಅದನ್ನ ಅವತ್ತೇ ಮಾಫ್ ಮಾಡ್ಯಾನ."

ಸೆರಗಿನಿಂದ ಮಣೆಯ ಮೇಲಿನ ಪುಡಿ ಒರೆಸಿದಳು. ಆಮೇಲೆ ಹೇಳಿದಳು:

"ನೀವು ಮನಿ ನೋಡಿ ಬಂದು ಕರ್ಕೊಂಡು ಹೋಗ್ತೀನಂದಿದ್ರಿ. ಚಕ್ಕಡಿ ಇಳದ ದಿನದಿಂದ ನಾ ಪುಸ್ತಕದ ಚೀಲ ಬಿಚ್ಚಲಿಲ್ಲ ಕಾಕಾ. ಬಿಚ್ಚಿದ್ರ ಮತ್ತ ಕಟ್ಟೋದು ತಡ ಆಗ್ತದಂತ. ಆ ಊರಿಗಿ ಬರೋರು ಹೊಳಿ ದಾಟೇ ಬರ್ಬೇಕು. ದಿನಾ ಹೊಳಿ ದಂಡಿಗಿ ಹೋಗಿ ನಿಂದರ್ತಿದ್ದೆ. ಪರೀಕ್ಷಾ ಮುಗದ ಮ್ಯಾಲೂ ಎಂಟು ದಿನ ನಿಂತೆ. ಅಪ್ಪ ಮಾಫ್ ಮಾಡಿದ್ದು ಅಪ್ಪಂದು. ನಾ ಮಾಡಿಲ್ಲ."

ಅವಳ ದನಿ ಏರಲಿಲ್ಲ. ಎದ್ದು ಹೋಗಿ ಚಹಾ ಇಟ್ಟಳು. ನಾನು ಏನು ಹೇಳಿದರೂ ಅದು ನನ್ನ ಕಡೆಗೇ ವಾಲುತ್ತಿತ್ತು. ಚಹಾ ತಂದುಕೊಟ್ಟು ಅವಳೇ ಮಾತು ತೆಗೆದಳು.

"ಇಲ್ಲಿ ಬಾಲವಾಡಿಗಿ ಒಬ್ಬಾಕಿ ಬೇಕಾಗ್ಯಾಳ. ಏಳನೇ ಪಾಸ್ ಆಗಿರ್ಬೇಕಂತ. ಪರೀಕ್ಷಾ ಖಾಸಗಿ ಕಟ್ಟಬೌದಂತ, ಆದ್ರ ಸಾಲಿ ಬಿಟ್ಟ ಸರ್ಟಿಫಿಕೇಟ್ ಬೇಕು. ಅದು ನಿಮ್ಮಲ್ಲೇ ಉಳದದ. ನಾ ತಿರುಗಿ ಬರ್ತೀನಂತ ಆಗ ಅವ್ವ ತಗೊಂಡಿರ್ಲಿಲ್ಲ. ಈಗ ನೀವೇ ಹೆಡ್‌ಮಾಸ್ತರ್ ಅದೀರಲ್ಲ, ಬರದು ಕೊಡ್ರಿ."

ಮರುದಿನ ಶಾಲೆಯಲ್ಲಿ ಹಳೆ ದಾಖಲಾತಿ ಪುಸ್ತಕ ತೆಗೆಸಿದೆ. ಅವಳ ಹೆಸರು ಇತ್ತು, ಮಾಸ್ತರರ ಮುತ್ತಿನಂಥ ಅಕ್ಷರದಲ್ಲಿ. ಸೇರಿದ ದಿನ ಇತ್ತು. ಬಿಟ್ಟ ದಿನದ ಕಾಲಂ ಖಾಲಿ. ಹದಿನಾಲ್ಕು ವರ್ಷ ನಮ್ಮ ಶಾಲೆಯ ಲೆಕ್ಕದಲ್ಲಿ ಅವಳು ಏಳನೇ ತರಗತಿಯಲ್ಲೇ ಕೂತಿದ್ದಳು. ಸರ್ಟಿಫಿಕೇಟಿನ ಹಾಳೆಯಲ್ಲಿ ಒಂದೊಂದೇ ಸಾಲು ತುಂಬಿದೆ. ಜನ್ಮದಿನ, ನಡತೆ, ಓದಿದ ತರಗತಿ. ಆಮೇಲೆ ಬಂತು: ಶಾಲೆ ಬಿಟ್ಟ ಕಾರಣ. ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಪಕ್ಕದ ಕೋಣೆಯಲ್ಲಿ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಕೊನೆಗೆ ಎಲ್ಲರೂ ಬರೆಯುವುದನ್ನೇ ಬರೆದೆ: ತಂದೆಯ ವರ್ಗಾವಣೆ. ಸಹಿ ಹಾಕಿ ಮೊಹರು ಒತ್ತಿದೆ.

ಅವಳು ಆ ವರ್ಷ ಪರೀಕ್ಷೆ ಕಟ್ಟಿದಳು, ಪಾಸಾದಳು, ಬಾಲವಾಡಿಯ ಕೆಲಸವೂ ಸಿಕ್ಕಿತು. ಅದರಲ್ಲಿ ನನ್ನ ಪಾಲು ಒಂದು ಹಾಳೆ, ಅಷ್ಟೇ.

ಆ ಹಾಳೆಯನ್ನು ಟಪಾಲಿಗೆ ಹಾಕದೆ ನಾನೇ ತಾಂಡೂರಿಗೆ ಒಯ್ದುಕೊಟ್ಟಿದ್ದೆ. ಬಾಗಿಲಲ್ಲೇ ನಿಂತು ಓದಿದಳು. ಬೆರಳು ಶಾಲೆ ಬಿಟ್ಟ ಕಾರಣದ ಸಾಲಿನ ಮೇಲೆ ನಿಂತಿತು.

"ಇಷ್ಟೇ ಏನು ಕಾಕಾ?"

"ಜಾಗ ಅಷ್ಟೇ ಇತ್ತವ್ವ" ಎಂದೆ.

ತಲೆಯಾಡಿಸಿ ಹಾಳೆ ಮಡಿಚಿಕೊಂಡು ಒಳಗೆ ಹೋದಳು. ಆ ಸಾಲಿನ ಕೆಳಗೆ, ಷರಾ ಎಂದು ಅಚ್ಚು ಹಾಕಿದ ಕಡೆ, ಇನ್ನೂ ಎರಡು ಸಾಲು ಖಾಲಿ ಇದ್ದವು. ಅವಳು ಅದನ್ನು ನೋಡಿದ್ದಳು.